64ಕೆ ಪೇಜ್ ಕರ್ನಲ್: ಎಲ್ಲಿ ಹಾಕಿದೆ, ಎಲ್ಲಿಂದ ತೆಗೆದೆ

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮೆಮೊರಿಯನ್ನು ಪೇಜ್ ಎಂಬ ಒಂದೇ ಗಾತ್ರದ ತುಂಡುಗಳಾಗಿ ಹಂಚುತ್ತದೆ. 4ಕೆ, 64ಕೆ ಅಂದರೆ ಆ ತುಂಡಿನ ಗಾತ್ರ, ಕೆಬಿಯಲ್ಲಿ. ನಮ್ಮ ಡೇಟಾಬೇಸ್ ಓಡುವುದು 64-ಬಿಟ್ ಆರ್ಮ್ ಸರ್ವರ್ ಮೇಲೆ. ಪರ್ಫ್ (ವೇಗ ಅಳೆಯುವ ಲಿನಕ್ಸ್ ಸಾಧನ) ಹಾಕಿ ನೋಡಿದರೆ ಟಿಎಲ್‌ಬಿ ಮಿಸ್ ವಿಪರೀತ ಇತ್ತು. ಟಿಎಲ್‌ಬಿ ಅಂದರೆ ಇತ್ತೀಚೆಗೆ ಬಳಸಿದ ಪೇಜ್‌ಗಳ ವಿಳಾಸವನ್ನು ಪ್ರೊಸೆಸರ್ ನೆನಪಿಟ್ಟುಕೊಳ್ಳುವ ಪುಟ್ಟ ಪಟ್ಟಿ; ಬೇಕಾದ ಪೇಜ್ ಅದರಲ್ಲಿ ಇಲ್ಲದಿದ್ದರೆ ಮಿಸ್. ಲೆಕ್ಕ ಸುಲಭ. ಟಿಎಲ್‌ಬಿಯಲ್ಲಿ 1024 ಎಂಟ್ರಿ ಇದೆ ಅಂದುಕೊಳ್ಳಿ: 4ಕೆ ಪೇಜ್ ಆದರೆ ಒಂದು ಸಲಕ್ಕೆ ಅದರ ಕೈಗೆ ಸಿಗುವುದು 4 ಎಂಬಿ ಮೆಮೊರಿ, 64ಕೆ ಆದರೆ 64 ಎಂಬಿ. ನಮ್ಮ ಬಫರ್ ಪೂಲ್ (ಡೇಟಾಬೇಸ್ ತನ್ನ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಹತ್ತಾರು ಜಿಬಿ, ಅದರಲ್ಲಿ ಓದುವುದೂ ಎಲ್ಲೆಂದರಲ್ಲಿ. ಇನ್ನು ಮಿಸ್ ಆದಾಗ 48-ಬಿಟ್ ವಿಳಾಸಕ್ಕೆ 4ಕೆಯಲ್ಲಿ ನಾಲ್ಕು ಹಂತದ ಪೇಜ್ ಟೇಬಲ್ (ಯಾವ ಪೇಜ್ ಮೆಮೊರಿಯಲ್ಲಿ ಎಲ್ಲಿದೆ ಅನ್ನುವ ಪೂರ್ತಿ ಪಟ್ಟಿ) ಇಳಿಯಬೇಕು, 64ಕೆಯಲ್ಲಿ ಮೂರೇ ಹಂತ.

ಆರ್ಮ್ ಲಿನಕ್ಸ್‌ನಲ್ಲಿ 4ಕೆ, 16ಕೆ, 64ಕೆ ಈ ಮೂರರಲ್ಲಿ ಒಂದನ್ನು ಕರ್ನಲ್ ಬಿಲ್ಡ್ ಮಾಡುವಾಗಲೇ ಆರಿಸಬೇಕು. ಆಮೇಲೆ ಬದಲಾಯಿಸಲು ಆಗಲ್ಲ. 64ಕೆ ಕರ್ನಲ್ ಹಾಕಿ ಬೂಟ್ ಮಾಡಿದೆ, ಕ್ವೆರಿಗಳು ಚುರುಕಾದವು, ಪೇಜ್ ಫಾಲ್ಟ್ (ಪೇಜ್ ಇನ್ನೂ ಸಿದ್ಧವಿಲ್ಲದೆ ಕರ್ನಲ್ ನಡುವೆ ಬರಬೇಕಾಗುವುದು) ಕೂಡ ಕಡಿಮೆಯಾಯಿತು. ಆದರೆ ಒಂದು ಹಳೇ ಬೈನರಿ (ಮೊದಲೇ ಬಿಲ್ಡ್ ಮಾಡಿಟ್ಟ ಪ್ರೋಗ್ರಾಂ) ಏಳಲೇ ಇಲ್ಲ. ಅದರೊಳಗಿದ್ದ, ಪ್ರೋಗ್ರಾಂಗೆ ಮೆಮೊರಿ ಹಂಚಿಕೊಡುವ ಜೆಮ್ಯಾಲಕ್ ಲೈಬ್ರರಿಯನ್ನು 4ಕೆ ಪೇಜ್ ಅಂತಲೇ ಬಿಲ್ಡ್ ಮಾಡಿದ್ದರು. ದೊಡ್ಡ ಪೇಜ್ ಕಂಡ ಕೂಡಲೇ ಅದು ನಿಂತುಬಿಡುತ್ತದೆ. 64ಕೆಗೆ ಹೊಂದುವಂತೆ ಮತ್ತೆ ಬಿಲ್ಡ್ ಮಾಡಿದ ಮೇಲೆ ಸರಿಹೋಯಿತು. ಹೊರಗಿನವರು ಬಿಲ್ಡ್ ಮಾಡಿಕೊಟ್ಟ ಬೈನರಿ ಜಾಸ್ತಿ ಇದ್ದರೆ ಇದನ್ನು ಮೊದಲೇ ಪರೀಕ್ಷಿಸಿ.

ಕೋಡ್ ಬಿಲ್ಡ್ ಮಾಡುವ ಮಷೀನಿನ ಕಥೆಯೇ ಬೇರೆ. ಅಲ್ಲಿರುವುದೆಲ್ಲ ಸಣ್ಣ ಸಣ್ಣ ಫೈಲು. ಓದಿದ ಫೈಲುಗಳನ್ನು ಕರ್ನಲ್ ಮೆಮೊರಿಯಲ್ಲಿ ಉಳಿಸಿಕೊಳ್ಳುವ ಜಾಗವೇ ಪೇಜ್ ಕ್ಯಾಶ್. ಒಂದು ಕೆಬಿ ಫೈಲಾದರೂ ಪೇಜ್ ಕ್ಯಾಶ್‌ನಲ್ಲಿ ಕನಿಷ್ಠ ಒಂದು ಇಡೀ ಪೇಜ್ ಹಿಡಿಯುತ್ತದೆ, ಅಲ್ವಾ? ಅಂಥ 50,000 ಫೈಲ್ ಇದ್ದರೆ 4ಕೆಯಲ್ಲಿ ಸುಮಾರು 200 ಎಂಬಿ, 64ಕೆಯಲ್ಲಿ 3 ಜಿಬಿಗೂ ಮೇಲೆ! ಪ್ರತಿಯೊಂದು ಪುಟ್ಟ ಪ್ರೊಸೆಸ್ಸಿನ ಸ್ಟ್ಯಾಕ್, ಡೇಟಾ ಎಲ್ಲದರಲ್ಲೂ ಹೀಗೇ ಜಾಗ ಸುಮ್ನೆ ಹೋಗುತ್ತದೆ. ಫೋರ್ಕ್ ಅಂದರೆ ಪ್ರೊಸೆಸ್ ತನ್ನದೇ ನಕಲು ಮಾಡುವುದು; ಬರೆಯುವ ತನಕ ಎರಡೂ ಅದೇ ಪೇಜ್ ಹಂಚಿಕೊಂಡಿರುತ್ತವೆ. ಫೋರ್ಕ್ ಆದ ಮೇಲೆ ಒಂದೇ ಬೈಟ್ ಬರೆದರೂ ಕಾಪಿ ಆಗುವುದು ಪೂರಾ 64ಕೆ. ಹಾಗಾಗಿ ಡೇಟಾವನ್ನು ಮೆಮೊರಿಯಲ್ಲೇ ಇಟ್ಟು, ಫೋರ್ಕ್ ಮಾಡಿ ಸ್ನ್ಯಾಪ್‌ಶಾಟ್ ತೆಗೆಯುವ ರೆಡಿಸ್‌ನಂಥವನ್ನೂ ನಾನು 64ಕೆ ಮೇಲೆ ಇಡುವುದಿಲ್ಲ.

ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ (ಕರ್ನಲ್ ತಾನಾಗಿಯೇ ಅನೇಕ ಪೇಜ್ ಸೇರಿಸಿ ಒಂದು ದೊಡ್ಡ ಪೇಜ್ ಕೊಡುವ ಸೌಲಭ್ಯ) ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಬೇಸ್ ಪೇಜ್ 4ಕೆ ಆದರೆ ಹ್ಯೂಜ್ ಪೇಜ್ 2 ಎಂಬಿ, 16ಕೆ ಆದರೆ 32 ಎಂಬಿ, 64ಕೆಗೆ ಹೋದರೆ ಒಂದೇ ಸಲಕ್ಕೆ 512 ಎಂಬಿ. ಅಷ್ಟು ದೊಡ್ಡ ತುಂಡು ಒಟ್ಟಿಗೆ ಸಿಗುವುದು ಕಷ್ಟ, ಸಿಕ್ಕರೂ ಬಹಳಷ್ಟು ಪ್ರೋಗ್ರಾಂಗಳಿಗೆ ಅದು ಪ್ರಯೋಜನವಿಲ್ಲ.

ಈಗ ಡೇಟಾಬೇಸ್ ಮಾತ್ರ 64ಕೆ ಮೇಲಿದೆ. ಬಿಲ್ಡ್ ಮಷೀನನ್ನು ವಾಪಸ್ 4ಕೆಗೆ ತಂದೆ. ಅಲ್ಲಿ ಲಿನಕ್ಸ್ 6.8ರಲ್ಲಿ ಬಂದ ಮಧ್ಯಮ ಗಾತ್ರದ ಹ್ಯೂಜ್ ಪೇಜ್ ಸೌಲಭ್ಯವನ್ನು 64ಕೆಗೆ ಆನ್ ಮಾಡಿದ್ದೇನೆ. ಹೀಪ್‌ನಂಥ (ಪ್ರೋಗ್ರಾಂ ಓಡುವಾಗ ಕೇಳಿ ಪಡೆಯುವ) ಮೆಮೊರಿಗೆ ಪಕ್ಕಪಕ್ಕದ ಹದಿನಾರು 4ಕೆ ಪೇಜ್ ಒಟ್ಟಿಗೆ ಸಿಗುತ್ತವೆ, ಪ್ರೊಸೆಸರ್ ಅವನ್ನು ಒಂದೇ ಟಿಎಲ್‌ಬಿ ಎಂಟ್ರಿಯಲ್ಲಿ ಹಿಡಿಯಬಹುದು, ಸಣ್ಣ ಫೈಲುಗಳು ಮಾತ್ರ 4ಕೆಯಲ್ಲೇ ಉಳಿಯುತ್ತವೆ.