ಕಂಬ್ಯದಲ್ಲಿ ಮನೆ ಹೂಡುವವರಿಗೆ

ಎಸ್ಟೋನಿಯಾದ ತಾರ್ತು ನಗರದ ಬಾಡಿಗೆಗೆ ಬೆದರಿಯೋ, ಮಕ್ಕಳಿಗೆ ಅಂಗಳವಿರಲಿ ಎಂದೋ ಪಕ್ಕದ ಕಂಬ್ಯ ವಲ್ದ್ (ಇಲ್ಲಿಯ ಗ್ರಾಮೀಣ ಸ್ಥಳೀಯ ಆಡಳಿತ) ಕಡೆ ಮನೆ ಹುಡುಕುತ್ತಿರುವ ಕನ್ನಡ ಕುಟುಂಬಗಳಿಗೆ ನಮ್ಮ ಕೂಟದಿಂದ ನಾಲ್ಕು ಮಾತು.

ಊರಿಗೆ ಫೋನ್ ಮಾಡಿದಾಗ ವಲ್ದ್ ಎಂದರೆ ಗ್ರಾಮ ಪಂಚಾಯಿತಿ ಎಂದುಬಿಡುತ್ತೇವೆ. ಆದರೆ ಇದರ ಮೇಲೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಲ್ಲ. ಎಸ್ಟೋನಿಯಾದ ಜಿಲ್ಲಾಡಳಿತಗಳನ್ನೇ 2018ರ ಆರಂಭದಲ್ಲಿ ಮುಚ್ಚಿದರು. ಶಿಶುವಿಹಾರ, ಶಾಲೆ, ಗ್ರಂಥಾಲಯ, ಹಳ್ಳಿಯ ರಸ್ತೆ ಎಲ್ಲಕ್ಕೂ ವಲ್ದ್ ಕಚೇರಿಯನ್ನೇ ಕೇಳಬೇಕು. 2017ರ ಸುಧಾರಣೆಯಲ್ಲಿ ದೇಶದ 213 ಸ್ಥಳೀಯ ಆಡಳಿತಗಳು 79ಕ್ಕೆ ಇಳಿದಾಗ ಕಂಬ್ಯವೂ ನೆರೆಯ ಯುಲೆನುರ್ಮೆ ವಲ್ದ್ ಕೂಡ ಒಂದಾದವು. ಹೆಸರು ಕಂಬ್ಯದ್ದು, ಆಡಳಿತ ಕೇಂದ್ರ ಮಾತ್ರ ಯುಲೆನುರ್ಮೆ. ಕಚೇರಿಗೆ ಹೋಗಲು ಹೆಸರು ನಂಬಿ ಕಂಬ್ಯದ ಬಸ್ ಹತ್ತಬೇಡಿ.

ಬಂದ ಒಂದು ತಿಂಗಳೊಳಗೆ ವಿಳಾಸವನ್ನು ಜನಸಂಖ್ಯಾ ನೋಂದಣಿಯಲ್ಲಿ ದಾಖಲಿಸಿ. ಬಾಡಿಗೆ ಕರಾರು ಅಥವಾ ಮನೆ ಒಡೆಯರ ಒಪ್ಪಿಗೆ ಬೇಕು. ನಮ್ಮಲ್ಲೊಬ್ಬರ ಮನೆ ಒಡೆಯರು ಮುಂಗಡ ಪಡೆದ ಮೇಲೆ ನೋಂದಣಿಯ ಮಾತೆತ್ತಿದರೆ ಮುಖ ತಿರುಗಿಸಿದರು. ಆದ್ದರಿಂದ ಹಣ ಕೊಡುವ ಮೊದಲೇ ಕೇಳಿ. ಜನವರಿ 1ರಂದು ನಿಮ್ಮ ಹೆಸರು ಎಲ್ಲಿದೆಯೋ ಆ ವಲ್ದ್‌ಗೇ ನಿಮ್ಮ ಆದಾಯ ತೆರಿಗೆಯ ಪಾಲು ಸೇರುತ್ತದೆ. ಡಿಸೆಂಬರ್‌ನಲ್ಲಿ ಹೊಸಬರನ್ನು ವಿಶೇಷ ಆದರದಿಂದ ಮಾತನಾಡಿಸುವ ಗುಟ್ಟು ಇಷ್ಟೇ!

ನಿಮ್ಮ ಲಾಭವೂ ಅಲ್ಲೇ ಇದೆ. ಪೋಷಕರ ಮತ್ತು ಮಗುವಿನ ವಿಳಾಸ ಇಲ್ಲಿದ್ದರೆ ಒಂದೂವರೆ ವರ್ಷದಿಂದ ಶಿಶುವಿಹಾರದಲ್ಲಿ ಜಾಗ ಕೊಡುವುದು ವಲ್ದ್‌ನ ಹೊಣೆ. ಸರದಿ ಇರುತ್ತದೆ, ಬೇಗ ಅರ್ಜಿ ಹಾಕಿ. ಸಸ್ಯಾಹಾರಿಗಳಾದರೆ ಮೀನು, ಮೊಟ್ಟೆಯೂ ಬೇಡವೆಂದು ಹೆಸರು ಹಿಡಿದು ಬರೆದುಕೊಡಿ. ಕಲಿಕೆ ಎಸ್ಟೋನಿಯನ್‌ನಲ್ಲಿ. ಮಕ್ಕಳು ಹೊಂದಿಕೊಳ್ಳುತ್ತಾರೆ, ಪೇಚಾಟವೆಲ್ಲ ನಮ್ಮದು. ಕಂಬ್ಯದ ಶಾಲೆಗೆ ಇಗ್ನಾತ್ಸಿ ಯಾಕ್ ಹೆಸರಿದೆ. 1686ರಲ್ಲಿ ರೈತರ ಮಕ್ಕಳೂ ಓದಬಲ್ಲರೆಂದು ತೋರಿಸಲು ಗುರು ಫೊರ್ಸೆಲಿಯುಸ್ ಸ್ವೀಡನ್ ರಾಜನೆದುರು ನಿಲ್ಲಿಸಿದ ಇಬ್ಬರು ಹುಡುಗರಲ್ಲಿ ಅವನೊಬ್ಬ. ಸೆಪ್ಟೆಂಬರ್ 1ರಂದು ಶಾಲೆ ಆರಂಭ. ಶಿಕ್ಷಕರಿಗೆ ಹೂವು ಒಯ್ಯುವುದನ್ನು ಮರೆಯಬೇಡಿ.

ವಲ್ದ್‌ನ ಪರಿಷತ್ತಿಗೆ ವೊಲಿಕೊಗು ಎನ್ನುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. 2025ರ ಸಂವಿಧಾನ ತಿದ್ದುಪಡಿಯ ನಂತರ ಭಾರತೀಯ ಪೌರರಿಗೆ ಅದರಲ್ಲಿ ಮತವಿಲ್ಲ. ಸಭೆಗಳು ಮುಕ್ತವಾಗಿರುತ್ತವೆ, ಹೋಗಿ ಕೂರಬಹುದು.

ಚಳಿಗಾಲದ ಕತ್ತಲಲ್ಲಿ ನಡೆಯುವಾಗ ಕೋಟಿಗೆ ಹೆಲ್ಕುರ್ ತೂಗುಬಿಡಿ. ಬೆಳಕು ಪ್ರತಿಫಲಿಸುವ ಈ ಬಿಲ್ಲೆ ಕಾನೂನಿನ ಪ್ರಕಾರ ಕಡ್ಡಾಯ, ಮಕ್ಕಳಿಗೂ.

ನೆರೆಯವರು ತಾವಾಗಿ ಬಂದು ಮಾತನಾಡಿಸಲಿಲ್ಲವೆಂದು ಬೇಸರಿಸಬೇಡಿ. ಬಿಗುಮಾನವಲ್ಲ, ಇಲ್ಲಿಯವರ ಸಂಕೋಚ. ಮೇ ಮೊದಲ ಶನಿವಾರ ದೇಶವೆಲ್ಲ ತಾಲ್ಗುದ್ ಎಂಬ ಶ್ರಮದಾನಕ್ಕೆ ಇಳಿಯುತ್ತದೆ. ಒಣಗೆಲೆ ಗುಡಿಸುತ್ತಾ, ಬೇಲಿಗೆ ಬಣ್ಣ ಬಳಿಯುತ್ತಾ ಪರಿಚಯವಾದವರೇ ಜೂನ್ 23ರ ರಾತ್ರಿ ನಡುಬೇಸಿಗೆಯ ಹಬ್ಬವಾದ ಯಾನಿಪೇವ್‌ನ ಬೆಂಕಿಯ ಸುತ್ತ ನಿಮಗೂ ಜಾಗ ಬಿಡುತ್ತಾರೆ. ಶ್ರಮದಾನಕ್ಕೆ ಕೈಗವಸು ನೀವೇ ಒಯ್ಯಿರಿ. ಕೊನೆಗೆ ಬಡಿಸುವ ಸೂಪಿನಲ್ಲಿ ಹೆಚ್ಚಾಗಿ ಮಾಂಸವಿರುತ್ತದೆ. ನಾವು ಒಂದು ಡಬ್ಬಿ ಚಿತ್ರಾನ್ನ ಕೊಂಡೊಯ್ಯುತ್ತೇವೆ, ನಮಗೇ ಸಾಲುವುದಿಲ್ಲ.