ಕಾಗದದ ಮುಖವಾಡ: ಬಣ್ಣಕ್ಕೆ ಮೊದಲು ಒಣಗಿಸುವ ಕೆಲಸ

ಡಿಸೆಂಬರ್ ಬಂತೆಂದರೆ ಶಾಲಾ ವಾರ್ಷಿಕೋತ್ಸವಗಳಿಗಾಗಿ, ಹವ್ಯಾಸಿ ತಂಡಗಳ ನಾಟಕಗಳಿಗಾಗಿ ಮನೆಮನೆಯಲ್ಲೂ ಕಾಗದದ ಮುಖವಾಡಗಳು ತಯಾರಾಗತೊಡಗುತ್ತವೆ. ಅವುಗಳಲ್ಲಿ ಬಹುಪಾಲು ರಂಗಕ್ಕೇರುವ ಹೊತ್ತಿಗೆ ಕೆನ್ನೆ ಕುಸಿದು, ಅಂಚು ಸುರುಳಿಕೊಂಡು, ಒಳಗಿನಿಂದ ಮುಗ್ಗಲು ವಾಸನೆ ಸೂಸುತ್ತಿರುತ್ತವೆ. ಬಣ್ಣಕ್ಕೆ ವಾರವಿಡೀ ತಲೆ ಕೆಡಿಸಿಕೊಂಡವರು ಒಣಗಿಸುವ ಕೆಲಸವನ್ನು ಮಾತ್ರ ತಾರಸಿಯ ಒಂದು ಮಧ್ಯಾಹ್ನದ ಬಿಸಿಲಿಗೆ ಒಪ್ಪಿಸಿಬಿಡುವುದೇ ಇದಕ್ಕೆ ಕಾರಣ. ಹುಲಿ–ಹಸುವಿನ ಕಥೆಯಾಡುವ ಮಕ್ಕಳ ನಾಟಕಕ್ಕೆ ಬೇಕಾಗುವ ಹುಲಿಯ ಮುಖವಾಡವನ್ನು ಮಾದರಿಯಾಗಿ ಇಟ್ಟುಕೊಂಡು, ಕೆಲಸದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಕನಿಷ್ಠ ಎಂಟು ದಿನ ಕೈಯಲ್ಲಿರದಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ; ಮುಖಕ್ಕೆ ಬಣ್ಣ ಬರೆದು ನಾಟಕ ಮಾಡಿಸುವುದೇ ಮೇಲು.

ಅಚ್ಚು

ಗಣಪತಿ ಮಾಡುವವರಲ್ಲಿಯೋ ಕುಂಬಾರರಲ್ಲಿಯೋ ಸಿಗುವ, ಕಲ್ಲು ಕಸ ತೆಗೆದು ಹದಮಾಡಿದ ಜೇಡಿಮಣ್ಣು ಮೂರು–ನಾಲ್ಕು ಕಿಲೋ ಸಾಕು. ಹಲಗೆಯ ಮೇಲೆ ಮಣ್ಣನ್ನು ಗುಡ್ಡೆ ಹಾಕಿ, ಧರಿಸುವವರ ಮುಖದ ಅಗಲಕ್ಕಿಂತ ಎರಡು ಬೆರಳು ಹೆಚ್ಚಿರುವಂತೆ ಹುಲಿಯ ಮುಖವನ್ನು ತಿದ್ದಿಕೊಳ್ಳಿ. ಹುಬ್ಬು, ಮೂಗು, ಕೆನ್ನೆಗಳನ್ನು ನಿಮಗೆ ಬೇಕೆನಿಸಿದ್ದಕ್ಕಿಂತ ಒಂದು ಪಟ್ಟು ಹೆಚ್ಚೇ ಉಬ್ಬಿಸಿ. ಕಾಗದದ ಪದರಗಳು ಕೂತಂತೆಲ್ಲ ಉಬ್ಬುತಗ್ಗುಗಳು ಮೊಂಡಾಗುತ್ತವೆ. ಕಿವಿಗಳನ್ನು ಮಾತ್ರ ಅಚ್ಚಿನಲ್ಲಿ ಮಾಡಬಾರದು. ಅವುಗಳ ಹಿಂದಿನ ಸಂದಿಗೆ ಕಾಗದ ಸಿಕ್ಕಿಕೊಂಡರೆ ಮುಖವಾಡ ಹರಿಯದೆ ಬರುವುದಿಲ್ಲ. ಅವನ್ನು ಆಮೇಲೆ ರಟ್ಟಿನಿಂದ ಕತ್ತರಿಸಿ ಕೂಡಿಸಬಹುದು.

ಅಚ್ಚಿನ ಬದಲು ಬಲೂನಿನ ಮೇಲೆ ಕಾಗದ ಅಂಟಿಸುವ ಅಡ್ಡದಾರಿಯೊಂದು ಎಲ್ಲೆಡೆ ಬಳಕೆಯಲ್ಲಿದೆ. ರಾತ್ರಿಯ ತಂಪಿಗೆ ಬಲೂನು ಕುಗ್ಗಿ ಮೇಲಿನ ಹಸಿ ಕಾಗದ ಸುಕ್ಕುಗಟ್ಟುತ್ತದೆ. ಕುಗ್ಗದೆ ಉಳಿದರೂ ಹುಲಿಯ ಬದಲು ಕುಂಬಳಕಾಯಿ ಸಿದ್ಧವಾಗುತ್ತದೆ.

ಬೆರಳಿನಿಂದ ಒತ್ತಿದರೆ ಗುರುತು ಮೂಡದಷ್ಟು ಗಟ್ಟಿಯಾಗುವವರೆಗೆ ಮಣ್ಣನ್ನು ನೆರಳಿನಲ್ಲಿ ಬಿಟ್ಟು, ಆಮೇಲೆ ವ್ಯಾಸಲೀನನ್ನು ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆಯನ್ನು ಮಣ್ಣು ಹೀರಿಕೊಂಡುಬಿಡುವುದರಿಂದ ಅದು ಈ ಕೆಲಸಕ್ಕೆ ಬಾರದು.

ಅಂಟು

ಮೈದಾ ಅಂಟು ಸುಲಭವಾಗಿ ಸಿದ್ಧವಾಗುತ್ತದೆ, ಅಷ್ಟೇ ಸುಲಭವಾಗಿ ಜಿರಳೆಗಳನ್ನೂ ಕರೆತರುತ್ತದೆ. ಹುಣಸೆಬೀಜದ ಅಂಟನ್ನೇ ಬಳಸಬೇಕೆಂಬುದು ನನ್ನ ಖಚಿತ ಸಲಹೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗಳ ಭಾಗಗಳನ್ನು ಕೂಡಿಸುವುದು, ನಾರಿನ ಪುಡಿಯೊಡನೆ ಕಲಸಿ ಮೈ ಮೆತ್ತುವುದು ಈ ಅಂಟಿನಿಂದಲೇ. ಬೀಜಗಳನ್ನು ಹುರಿದು, ಕಂದು ಸಿಪ್ಪೆ ಕಳೆದು, ರಾತ್ರಿಯಿಡೀ ನೆನೆಸಿ ನುಣ್ಣಗೆ ರುಬ್ಬಿಕೊಳ್ಳಿ. ಒಂದು ಬಟ್ಟಲು ಹಿಟ್ಟಿಗೆ ಏಳೆಂಟು ಬಟ್ಟಲು ನೀರು ಬೆರೆಸಿ, ಬಿಳಿ ಬಣ್ಣ ಹೋಗಿ ಪಾರಕವಾಗುವ ತನಕ ಕೈಬಿಡದೆ ಕುದಿಸಿ, ಬಟ್ಟೆಯಲ್ಲಿ ಸೋಸಿ. ಪುರುಸೊತ್ತಿಲ್ಲದವರು ಅಂಗಡಿಯ ಬಿಳಿ ಅಂಟಿಗೆ ಸಮಪ್ರಮಾಣದ ನೀರು ಸೇರಿಸಿ ಬಳಸಬಹುದು.

ಹುಳ ಹಿಡಿಯದಿರಲೆಂದು ಪುಸ್ತಕಕ್ಕೆ ರಟ್ಟು ಕಟ್ಟುವವರು ಅಂಟಿಗೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಮಗುವಿನ ಬಾಯಿ, ಮೂಗಿಗೆ ತಾಗುವ ವಸ್ತುವಿಗೆ ಅದನ್ನು ಯಾವ ಕಾರಣಕ್ಕೂ ಹಾಕಕೂಡದು. ನಾಲ್ಕು ತೊಟ್ಟು ಲವಂಗದ ಎಣ್ಣೆ ಸಾಕು. ಉಪ್ಪು ಹಾಕಿ ಎನ್ನುವವರ ಮಾತನ್ನೂ ಕೇಳಬೇಡಿ, ಏಕೆಂದರೆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕರಾವಳಿಯಲ್ಲಂತೂ ಅಂಥ ಮುಖವಾಡ ಒಣಗಿದ್ದೇ ಇಲ್ಲವೆಂಬಂತೆ ಮೆತ್ತಗಾಗಿಯೇ ಇರುತ್ತದೆ.

ಪದರಗಳು, ಒಣಗುವಿಕೆ

ಕಾಗದವನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದಲೇ ಹರಿಯಬೇಕು. ಹರಿದ ಅಂಚಿನಲ್ಲಿ ನಾರು ಬಿಡಿಸಿಕೊಂಡು ತೆಳ್ಳಗಾಗಿರುವುದರಿಂದ ಒಂದರ ಮೇಲೊಂದು ಕೂತಾಗ ಕೂಡಿಕೆ ಕಾಣುವುದಿಲ್ಲ. ಕತ್ತರಿಸಿದ ಅಂಚು ಬಣ್ಣದ ಅಡಿಯಿಂದಲೂ ಗೆರೆಯಾಗಿ ಇಣುಕುತ್ತದೆ. ದಿನಪತ್ರಿಕೆಯ ಹಾಳೆ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಎಳೆದರೆ ಸೊಟ್ಟ ಹೋಗುತ್ತದೆ. ಒಂದು ಸಲ ಹರಿದು ನೋಡಿದರೆ ಹಾಳೆಯ ಜಾಡು ತಿಳಿಯುತ್ತದೆ. ಎರಡು ಸೆಂಟಿಮೀಟರ್ ಅಗಲ, ಎಂಟು–ಹತ್ತು ಸೆಂಟಿಮೀಟರ್ ಉದ್ದದ ಪಟ್ಟಿಗಳು ಹಣೆ, ಕೆನ್ನೆಗಳಿಗೆ ಸರಿ. ಮೂಗಿನ ಬದಿಗೆ, ಕಣ್ಣಿನ ಗುಳಿಗೆ ಅದರ ಅರ್ಧದಷ್ಟು ಚಿಕ್ಕವು ಬೇಕು. ನುಣುಪಾದ ವಾರಪತ್ರಿಕೆಯ ಹಾಳೆ ಅಂಟು ಹೀರುವುದಿಲ್ಲವಾದ್ದರಿಂದ ಅದನ್ನು ರದ್ದಿಯಲ್ಲೇ ಬಿಡಿ.

ಮೊದಲ ಪದರವನ್ನು ಬರೀ ನೀರಿನಲ್ಲಿ ಅದ್ದಿದ ಪಟ್ಟಿಗಳಿಂದ ಹೊದಿಸಿ. ಅಚ್ಚಿಗೆ ಅಂಟದಂತೆ ಕಾಯುವುದು ಅದೇ. ಎರಡನೆಯದರಿಂದ ಅಂಟು ಬಳಸಿ. ಪಟ್ಟಿಯನ್ನು ಅಂಟಿನಲ್ಲಿ ಮುಳುಗಿಸಿ, ಎರಡು ಬೆರಳುಗಳ ನಡುವೆ ಜಾರಿಸಿ ಹೆಚ್ಚಿನದನ್ನು ಹಿಂಡಿ ತೆಗೆಯಲೇಬೇಕು. ಬಹಳ ಮಂದಿ ಎಡವುವುದು ಇಲ್ಲಿಯೇ: ಅಂಟು ಹೆಚ್ಚಿದ್ದಷ್ಟೂ ಗಟ್ಟಿ ಎಂದು ತಿಳಿದು ತೊಟ್ಟಿಕ್ಕುವ ಪಟ್ಟಿಗಳನ್ನು ಹೇರುತ್ತಾರೆ. ಗಟ್ಟಿತನ ಬರುವುದು ಕಾಗದದ ನಾರಿನಿಂದ; ಮಿಕ್ಕ ಅಂಟು ಒಣಗುವಾಗ ಕುಗ್ಗುತ್ತ ಕಾಗದವನ್ನೂ ಎಳೆದು ಸೊಟ್ಟ ಮಾಡುತ್ತದೆ. ಒಂದು ಪದರದ ಪಟ್ಟಿಗಳು ಅಡ್ಡಕ್ಕಿದ್ದರೆ ಮುಂದಿನವು ಉದ್ದಕ್ಕಿರಲಿ. ದಿನಪತ್ರಿಕೆಯ ಮೇಲೆ ಕಂದು ಬಣ್ಣದ ಪೊಟ್ಟಣದ ಕಾಗದ, ಅದರ ಮೇಲೆ ಮತ್ತೆ ದಿನಪತ್ರಿಕೆ, ಹೀಗೆ ಬದಲಾಯಿಸುತ್ತ ಹೋದರೆ ಎಲ್ಲಿ ಪದರ ಪೂರ್ತಿಯಾಗಿಲ್ಲವೆಂಬುದು ಕಣ್ಣಿಗೇ ಕಾಣುತ್ತದೆ. ಒಟ್ಟು ಆರು ಪದರ. ಅಂಚಿಗೆ ಮಾತ್ರ ಎಂಟು.

ಒಂದೇ ದಿನ ಎರಡಕ್ಕಿಂತ ಹೆಚ್ಚು ಪದರ ಹಾಕಬಾರದು. ಹಾಕಿದ್ದು ಪೂರ್ತಿ ಒಣಗಿದ ಮೇಲೆಯೇ ಮುಂದಿನದು. ಒಣಗಿಸುವ ಜಾಗ ನೆರಳಿನದಾಗಿದ್ದು, ಗಾಳಿಯಾಡುವಂತಿರಬೇಕು. ಕಿಟಕಿಯ ಬಳಿಯ ಮೇಜು, ಪಡಸಾಲೆಯ ಮೂಲೆ, ಮೆಲ್ಲಗೆ ತಿರುಗುವ ಫ್ಯಾನಿನ ಅಡಿ ಎಲ್ಲವೂ ಆಗಬಹುದು. ಬಿಸಿಲಿಗಿಟ್ಟರೆ ಮೇಲಿನ ಪದರ ಮೊದಲೇ ಬಿಗಿದುಕೊಂಡು ಒಳಗಿನ ತೇವಕ್ಕೆ ದಾರಿ ಮುಚ್ಚುತ್ತದೆ. ಹೊರಮೈ ಕುಗ್ಗಿ ಒಳಮೈ ಹಾಗೇ ಉಳಿದಾಗ ಅಂಚುಗಳು ಮೇಲಕ್ಕೇಳುತ್ತವೆ, ಸಿಕ್ಕಿಬಿದ್ದ ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಕೂದಲು ಒಣಗಿಸುವ ಯಂತ್ರವನ್ನು ಹತ್ತಿರ ಹಿಡಿದರಂತೂ ಪದರಗಳ ನಡುವೆ ಗುಳ್ಳೆಗಳೇಳುವುದು ಖಂಡಿತ.

ಒಣಗಿದೆಯೇ ಎಂದು ತಿಳಿಯಲು ಬೆರಳನ್ನು ನಂಬಬೇಡಿ, ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ನೀರಿನಂಶ ಇನ್ನೂ ಆರುತ್ತಿದೆ ಎಂದರ್ಥ. ಉಗುರಿನಿಂದ ತಟ್ಟಿದಾಗ ‘ಡಬ್’ ಎಂಬ ಮಂದ ಸದ್ದು ಹೋಗಿ ‘ಟಕ್’ ಎಂಬ ಗರಿಗರಿ ಸದ್ದು ಬಂದರೆ ಮುಂದುವರಿಯಬಹುದು. ಮೂಗಿನ ಬುಡ ಮತ್ತು ಹುಬ್ಬಿನ ಕೆಳಗಿನ ತಗ್ಗು ಎಲ್ಲಕ್ಕಿಂತ ತಡವಾಗಿ ಒಣಗುವ ಜಾಗಗಳು. ಪರೀಕ್ಷೆಯನ್ನು ಅಲ್ಲಿಯೇ ಮಾಡಿ.

ಬಿಡಿಸುವಾಗ ಮುಖವಾಡವನ್ನು ಹಿಡಿದು ಎಳೆಯದೆ, ಹಲಗೆಯಿಂದ ಎಲ್ಲವನ್ನೂ ಮಗುಚಿ, ಹಿಂಬದಿಯಿಂದ ಚಮಚದಲ್ಲಿ ಮಣ್ಣನ್ನು ಕೆದಕಿ ತೆಗೆಯಿರಿ. ಅಚ್ಚಿನ ಆಸೆ ಬಿಡಿ, ಮಣ್ಣನ್ನು ನೆನೆಸಿ ಮತ್ತೆ ಬಳಸಬಹುದು. ಈಗ ಒಳಮೈ ಇನ್ನೂ ತುಸು ತೇವವಾಗಿರುತ್ತದೆ, ಹಿಡಿದುಕೊಳ್ಳಲು ಅಚ್ಚೂ ಇಲ್ಲ. ಮುಖವಾಡ ಸೊಟ್ಟಗಾಗುವುದು ಹೆಚ್ಚಾಗಿ ಈ ಒಂದು ರಾತ್ರಿಯಲ್ಲಿ. ಎರಡು ಕೆನ್ನೆಗಳ ಅಂಚಿನ ನಡುವೆ ಮುಖದ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಬಿದಿರಿನ ಕಡ್ಡಿಯನ್ನು ಅಡ್ಡಲಾಗಿ ನಿಲ್ಲಿಸಿ, ಎರಡೂ ಕಡೆ ಗಾಳಿ ತಾಗುವಂತೆ ತಂತಿಯ ಜಾಲರಿಯ ಮೇಲಿಟ್ಟು ಮತ್ತೆರಡು ದಿನ ಬಿಡಿ.

ಕಣ್ಣು, ಉಸಿರು, ಲಾಡಿ

ವಯಸ್ಕರ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಹೆಚ್ಚುಕಡಿಮೆ ಆರು ಸೆಂಟಿಮೀಟರ್, ಮಕ್ಕಳದು ಇನ್ನೂ ಕಡಿಮೆ. ಹುಲಿಯ ಅಗಲವಾದ ಮುಖದಲ್ಲಿ ಕಣ್ಣುಗಳು ಅಷ್ಟು ಹತ್ತಿರವಿದ್ದರೆ ಪೆದ್ದುಕಳೆ ಬರುತ್ತದೆ. ಆದ್ದರಿಂದ ಹುಲಿಯ ಕಣ್ಣುಗಳನ್ನು ಬಣ್ಣದಿಂದಲೇ ಬರೆದು, ನಟನ ಕಣ್ಣಿಗೆ ನೇರವಾಗಿ ಬರುವಲ್ಲಿ, ಮೂಗಿನ ಬದಿಯ ಕಪ್ಪು ಪಟ್ಟೆಗಳೊಳಗೆ, ಸೀಳುಗಳನ್ನು ತೆಗೆಯುವುದು ಉತ್ತಮ. ಐದನೆಯ ಸಾಲಿನಿಂದ ನೋಡುವವರಿಗೂ ಅವು ಕಾಣುವುದಿಲ್ಲ. ಮೂಗಿನ ಹೊಳ್ಳೆಗಳನ್ನೂ ಬಾಯನ್ನೂ ತೆರೆದೇ ಇಡಿ. ಬಾಯಿ ಮುಚ್ಚಿದ ಮುಖವಾಡದೊಳಗಿನ ಮಾತು ಮುಂದಿನ ಸಾಲಿಗೂ ತಲುಪುವುದಿಲ್ಲ.

ಲಾಡಿಯ ತೂತುಗಳು ಕಣ್ಣಿನ ಮಟ್ಟಕ್ಕಿಂತ ತುಸು ಮೇಲಿರಬೇಕು, ಕೆಳಗಿದ್ದರೆ ಮುಖವಾಡ ಮುಂದಕ್ಕೆ ಬಾಗುತ್ತದೆ. ತೂತಿನ ಸುತ್ತ ಒಳಗಿನಿಂದ ಹತ್ತಿಬಟ್ಟೆಯ ತುಂಡು ಅಂಟಿಸಿ. ಎಲಾಸ್ಟಿಕ್ ಕುಣಿತದಲ್ಲಿ ಜಗ್ಗುವುದರಿಂದ ಹತ್ತಿಯ ಲಾಡಿಯನ್ನೇ ಕಟ್ಟಬೇಕು. ಹಣೆ ಮತ್ತು ಕೆನ್ನೆಮೂಳೆಗೆ ತಾಗುವಲ್ಲಿ ಸ್ಪಂಜಿನ ತುಂಡುಗಳನ್ನಿಟ್ಟರೆ ಉಸಿರಾಟಕ್ಕೆ ಜಾಗವೂ ಉಳಿಯುತ್ತದೆ, ಬೆವರು ಕಾಗದಕ್ಕೆ ಇಳಿಯುವುದೂ ತಪ್ಪುತ್ತದೆ.

ಬಣ್ಣ

ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಎರಡು ಸಲ ಬಳಿದು, 120ನೇ ನಂಬರಿನ ಉಪ್ಪುಕಾಗದದಿಂದ, ಆಮೇಲೆ ಅದಕ್ಕಿಂತ ನಯವಾದ 220ರದರಿಂದ ಉಜ್ಜಿ. ಪೋಸ್ಟರ್ ಬಣ್ಣ ಬೆವರಿಗೆ ಕರಗಿ ಮಗುವಿನ ಅಂಗಿಗೆ ಇಳಿಯುವುದರಿಂದ ಅಕ್ರಿಲಿಕ್ ಬಳಸಿ. ರಂಗದ ಹಳದಿ ಬೆಳಕಿನಲ್ಲಿ ತಿಳಿ ಹಳದಿಗೂ ಬಿಳಿಗೂ ವ್ಯತ್ಯಾಸವೇ ತಿಳಿಯದು. ಹಾಗಾಗಿ ಹುಲಿಯ ಮೈಬಣ್ಣ ಕಿತ್ತಳೆಯ ಕಡೆಗೇ ವಾಲಲಿ. ಮಿರುಗುವ ವಾರ್ನಿಷ್ ಬೇಡವೇ ಬೇಡ, ದೀಪದ ಬೆಳಕು ಅದರ ಮೇಲೆ ಬಿದ್ದರೆ ಬರೆದ ಕಣ್ಣುಗಳೇ ಅಳಿಸಿಹೋದಂತೆ ಕಾಣುತ್ತದೆ.

ನಾಟಕದ ದಿನಕ್ಕೆ ಮೊದಲು ಕನಿಷ್ಠ ಎರಡು ತಾಲೀಮುಗಳನ್ನು ಮುಖವಾಡ ಧರಿಸಿಯೇ ಮಾಡಿಸಿ. ತಲೆ ತುಸು ತಗ್ಗಿಸಿದರೆ ಹುಬ್ಬಿನ ನೆರಳು ಬಿದ್ದು ಹುಲಿ ಕೆರಳಿದಂತೆಯೂ, ಎತ್ತಿದರೆ ಸೌಮ್ಯವಾದಂತೆಯೂ ತೋರುತ್ತದೆ. ಜಪಾನಿನ ನೋ ನಾಟಕದ ನಟರು ಮರದ ಮುಖವಾಡಗಳಿಂದ ಭಾವ ಹೊರಡಿಸುವುದು ಈ ಬಾಗುವಿಕೆಯಿಂದಲೇ. ಪ್ರದರ್ಶನ ಮುಗಿದ ಕೂಡಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬದೆ, ಒಳಗಿನ ಬೆವರು ಆರುವ ತನಕ ಗಾಳಿಗೆ ಬಿಟ್ಟು, ಒಳಗೆ ಮುದ್ದೆ ಮಾಡಿದ ಕಾಗದ ತುಂಬಿ, ಹಳೆಯ ಪಂಚೆಯಲ್ಲಿ ಸುತ್ತಿ, ಅಟ್ಟದ ಮೇಲೆ ಬೇರೆ ಸಾಮಾನಿನ ಭಾರ ಬೀಳದ ಕಡೆ ಇಡಿ.