ರಾಡ್ ಆಮೇಲೆ, ಮೊದಲು ಸೆಳೆತ: ಫ್ಲಾರಿಡಾ ಕೀಸ್‌ನಲ್ಲಿ ಗಾಳ ಹಾಕುವುದು ಹೇಗೆ?

ಅಮೆರಿಕದ ಫ್ಲಾರಿಡಾದ ತುದಿಯಿಂದ ಕೀ ವೆಸ್ಟ್‌ವರೆಗೆ ಪುಟ್ಟ ದ್ವೀಪಗಳ ಸಾಲು. ನಡುವೆ 42 ಸೇತುವೆಗಳು. ಒಂದು ಬದಿಗೆ ಅಟ್ಲಾಂಟಿಕ್, ಇನ್ನೊಂದು ಬದಿಗೆ ಕೊಲ್ಲಿ. ಎರಡೂ ಕಡೆ ಉಬ್ಬರ ಒಂದೇ ಹೊತ್ತಿಗೆ ಬರುವುದಿಲ್ಲ. ಹಾಗಾಗಿ ಸೇತುವೆಯ ಕೆಳಗೆ ಹೆಚ್ಚು ಹೊತ್ತು ನೀರು ಹರಿಯುತ್ತಿರುತ್ತದೆ.

ಬಹಳ ಜನ ಉಬ್ಬರದ ಪಟ್ಟಿಯನ್ನಷ್ಟೇ ನೋಡಿ ಹೊರಡುತ್ತಾರೆ. ಅದು ಸಾಲದು. ಉಬ್ಬರ ಮುಗಿದ ಮೇಲೂ ಸೆಳೆತ ಇರುತ್ತದೆ. ಅಮೆರಿಕದ ಹವಾಮಾನ, ಸಾಗರ ಸಂಸ್ಥೆ 'ನೋವಾ' (NOAA) ಸೆಳೆತದ ಪಟ್ಟಿಯನ್ನೇ ಬೇರೆ ಕೊಡುತ್ತದೆ, ಅದನ್ನು ನೋಡಿ. ನೀರು ನಿಲ್ಲುವುದಕ್ಕೆ ಒಂದೆರಡು ಗಂಟೆ ಮುಂಚೆ ಸೆಳೆತ ಹದವಾಗಿರುತ್ತದೆ. ಆಗ ಸೀಸ ತಳದಲ್ಲಿ ನಿಲ್ಲುತ್ತದೆ, ಮೀನೂ ಕಚ್ಚುತ್ತದೆ. ಹೊನ್ನಾವರ, ಕುಂದಾಪುರದ ಅಳಿವೆಯಲ್ಲಿ ಗಾಳ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊರಗಿನಿಂದ ಹೋದವರಿಗೆ ಉಪ್ಪುನೀರಿನ ಲೈಸೆನ್ಸ್ ಬೇಕು, 3 ದಿನದ್ದೂ ಸಿಗುತ್ತದೆ. ವಾಹನ ಓಡುವ ಸೇತುವೆ ಬೇಡ. ಚಾನೆಲ್ 2, ಚಾನೆಲ್ 5 ಎಂಬ ಸೇತುವೆಗಳ ಪಕ್ಕದ ಹಳೇ ಸೇತುವೆಗಳ ಮೇಲೆ ಗಾಳ ಹಾಕಬಹುದು.

ಲೈನಿಗೆ ಜಾರುವ ಸೀಸದ ಗುಂಡು, ಅದರ ಕೆಳಗೆ ಎರಡಡಿ ಲೀಡರ್ (ಗಟ್ಟಿ ದಾರ), ತುದಿಗೆ ಮೊನೆ ಒಳಕ್ಕೆ ಬಾಗಿದ ಸರ್ಕಲ್ ಹುಕ್. ಎರೆಗೆ ಜೀವಂತ ಸಿಗಡಿ. ಸಿಗಡಿಯನ್ನು ಬೆಳಕಿಗೆ ಹಿಡಿದರೆ ತಲೆಯೊಳಗೆ ಕಪ್ಪು ಚುಕ್ಕೆ ಕಾಣುತ್ತದೆ. ಅದಕ್ಕೆ ತಾಗಿದರೆ ಸಿಗಡಿ ಸತ್ತಂತೆಯೇ. ಚುಕ್ಕೆಯ ಮುಂದೆ, ತಲೆಯ ಮುಳ್ಳಿನ ಬುಡದಲ್ಲಿ ಹುಕ್ಕನ್ನು ಅಡ್ಡಲಾಗಿ ತೂರಿಸಿ. ಆಗ ಅದು ನೀರಿನಲ್ಲಿ ಕಾಲಾಡಿಸುತ್ತಲೇ ಇರುತ್ತದೆ.

ದೂರ ಎಸೆಯಬೇಡಿ. ಕಂಬದ ಹಿಂದೆ ನೀರು ಸುಳಿಯುವ ಜಾಗದಲ್ಲಿ ಸುಮ್ನೆ ಇಳಿಬಿಡಿ. ಮ್ಯಾಂಗ್ರೋವ್ ಸ್ನ್ಯಾಪರ್ ಮೀನು ಅಲ್ಲೇ ಕಾದಿರುತ್ತದೆ. ಕಚ್ಚಿದಾಗ ರಾಡ್ ಜಗ್ಗಬೇಡಿ, ರೀಲ್ ಸುತ್ತುತ್ತಾ ಹೋಗಿ. ಸರ್ಕಲ್ ಹುಕ್ ತಾನಾಗಿ ಬಾಯಿಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. 10 ಇಂಚಿಗಿಂತ ಚಿಕ್ಕ ಮ್ಯಾಂಗ್ರೋವ್ ಸ್ನ್ಯಾಪರ್ ಇಟ್ಟುಕೊಳ್ಳುವಂತಿಲ್ಲ. ಸೇತುವೆಯ ಮೇಲಿಂದ ದೊಡ್ಡ ಟಾರ್ಪನ್ ಮೀನಿಗೆ ಗಾಳ ಹಾಕಲೇಬೇಡಿ. 40 ಇಂಚು ಮೀರಿದ ಟಾರ್ಪನ್ ಅನ್ನು ನೀರಿನಿಂದ ಎತ್ತಬಾರದು ಎಂಬುದು ಕಾನೂನು. ಅಷ್ಟು ಎತ್ತರದಿಂದ ಅದನ್ನು ಬಿಡಿಸುವುದಾದರೂ ಹೇಗೆ?

ಇನ್ನು ಫ್ಲಾಟ್ಸ್, ಅಂದರೆ ಮೊಣಕಾಲುದ್ದ ನೀರಿನ ಹುಲ್ಲು, ಮರಳಿನ ಬಯಲು. ಇಲ್ಲಿ ಮೀನನ್ನು ಕಣ್ಣಲ್ಲಿ ಹುಡುಕಬೇಕು, ನನಗಂತೂ ಇದೇ ಜಾಸ್ತಿ ಇಷ್ಟ. ನೀರು ಏರುವಾಗ ಬೋನ್‌ಫಿಶ್ ಮೇಯಲು ಬರುತ್ತದೆ. ನೀರಿನ ಮೇಲಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಹಾಕಿ, ಸೂರ್ಯ ಬೆನ್ನಿಗಿರಲಿ. ಕಾಲೆತ್ತಿ ಇಡದೆ ತಳಕ್ಕೆ ಎಳೆಯುತ್ತಾ ನಡೆಯಿರಿ. ಆಗ ಮರಳಲ್ಲಿ ಹೂತಿರುವ ತೊರಕೆ ಮೀನು ಪಕ್ಕಕ್ಕೆ ಸರಿಯುತ್ತದೆ, ಬಾಲದ ಮುಳ್ಳು ಚುಚ್ಚುವ ಭಯ ಕಡಿಮೆ. ಬೋನ್‌ಫಿಶ್‌ನ ತಲೆ ಮೇಲೆ ಎಸೆಯಬೇಡಿ. ಅದು ಹೋಗುವ ದಿಕ್ಕಿನಲ್ಲಿ ಆರೇಳು ಅಡಿ ಮುಂದೆ ಹಾಕಿ ಕಾಯಿರಿ. ಸಿಕ್ಕರೆ ನೂರು ಗಜ ಓಡಬಲ್ಲದು, ರೀಲಿನಲ್ಲಿ ಅದಕ್ಕೆ ಸಾಕಷ್ಟು ಲೈನ್ ಇರಲಿ.

ಬೋನ್‌ಫಿಶ್ ಅನ್ನು ಬಿಡಲೇಬೇಕು, ಅದೂ ಕಾನೂನು. ನೀರಿನಲ್ಲೇ ಇಟ್ಟು ಒದ್ದೆ ಕೈಯಲ್ಲಿ ಹುಕ್ ಬಿಡಿಸಿ. ದಣಿದ ಮೀನನ್ನು ಶಾರ್ಕ್, ಬರಾಕುಡಾ ಹೊಂಚು ಹಾಕಿ ತಿನ್ನುತ್ತವೆ. ಅವು ಸುತ್ತ ಕಂಡರೆ ಅಲ್ಲಿ ಗಾಳ ನಿಲ್ಲಿಸಿ, ಬೇರೆ ಜಾಗಕ್ಕೆ ಹೋಗಿ.